ಒಂದು ಚಿತ್ರ, ಎರಡು ಸಾಲು: ಇಂಗ್ಲಿಷ್-ಸ್ಪ್ಯಾನಿಷ್ ಕುಟುಂಬದ ಚಿತ್ರಪುಸ್ತಕಗಳನ್ನು ಮಗುವಿನ ಜೊತೆ ಓದುವ ಬಗೆ

ಮಗಳು ಕಿಂಡರ್‌ಗಾರ್ಟನ್ ಸೇರಿ ಎರಡು ತಿಂಗಳಾಗಿತ್ತು. ರಾತ್ರಿ ಮಲಗುವ ಮುಂಚೆ ಒಂದು ಪುಟ್ಟ ಪುಸ್ತಕ ಓದಿ ಹೇಳುತ್ತಿದ್ದೆ. ಪುಟದಲ್ಲಿ ಅಪ್ಪನ ಚಿತ್ರ, ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಸ್ಪ್ಯಾನಿಷ್ ಸಾಲು. ನಾನು ಧೈರ್ಯವಾಗಿ "ಮಿ ಪಾಪ" ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ನೀನು ಆಲೂಗಡ್ಡೆ ಅಂದೆ!"

ಸ್ಪ್ಯಾನಿಷ್‌ನಲ್ಲಿ ಅಪ್ಪ ಎಂದರೆ ಪಪಾ, ಒತ್ತು ಕೊನೆಯಲ್ಲಿ. ಒತ್ತು ಮೊದಲಿಗೆ ಬಂದು ಪಾಪ ಆದರೆ ಅದು ಆಲೂಗಡ್ಡೆ. ಬರಹದಲ್ಲಿ ಇರುವ ವ್ಯತ್ಯಾಸ ಕೊನೆಯ ಅಕ್ಷರದ ಮೇಲಿನ ಒಂದು ಸಣ್ಣ ಗೀಟು ಮಾತ್ರ. ಅಲ್ಲಿಯವರೆಗೂ ಆ ಗೀಟನ್ನು ನಾನು ಅಲಂಕಾರ ಅಂದುಕೊಂಡಿದ್ದೆ.

ನಾವಿರುವುದು ಟೆಕ್ಸಸ್‌ನಲ್ಲಿ. ಅಮೆರಿಕದಲ್ಲಿ 4 ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುತ್ತಾರೆ. ಇಲ್ಲಿಯ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಎರಡೂ ಭಾಷೆಯಲ್ಲಿ ಪಾಠ ನಡೆಯುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವ ನಮ್ಮಂಥವರ ಮಕ್ಕಳೂ ಆ ತರಗತಿಗಳಲ್ಲಿ ಕೂರುತ್ತಾರೆ. ಆಗ ಶಾಲೆಯ ಚೀಲದಲ್ಲಿ ಈ ಎರಡು ಭಾಷೆಯ ಪುಸ್ತಕಗಳು ಮನೆಗೆ ಬರುತ್ತವೆ. ಬಹುಪಾಲು ಕುಟುಂಬದ ಬಗ್ಗೆಯೇ ಇರುತ್ತವೆ: ಅಜ್ಜಿ ಮನೆ, ತಂಗಿ ಹುಟ್ಟಿದ್ದು, ಭಾನುವಾರದ ಊಟ. ಇಂಥ ಪುಸ್ತಕವನ್ನು ಆರಿಸುವುದು ಹೇಗೆ, ಅರ್ಧ ಭಾಷೆ ನಮಗೇ ಗೊತ್ತಿಲ್ಲದಿದ್ದರೂ ಓದಿಸುವುದು ಹೇಗೆ ಎಂದು ಮೂರು ವರ್ಷ ಎಡವುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು: ಮಗು ಯಾವ ಭಾಷೆಯಲ್ಲಿ ಓದಲು ಕಲಿಯುತ್ತಿದೆ?

ಶಾಲೆಯವರನ್ನು ಒಂದೇ ಪ್ರಶ್ನೆ ಕೇಳಿ: ನಿಮ್ಮದು 90-10 ಪದ್ಧತಿಯೋ, 50-50 ಪದ್ಧತಿಯೋ? 90-10 ಎಂದರೆ ಕಿಂಡರ್‌ಗಾರ್ಟನ್‌ನಲ್ಲಿ ನೂರಕ್ಕೆ ತೊಂಬತ್ತು ಪಾಲು ಪಾಠ ಸ್ಪ್ಯಾನಿಷ್‌ನಲ್ಲಿ. ಆಮೇಲೆ ವರ್ಷ ವರ್ಷ ಇಂಗ್ಲಿಷ್ ಹೆಚ್ಚುತ್ತದೆ. ಅಲ್ಲಿ ಮಗು ಅಕ್ಷರ ಕೂಡಿಸಿ ಓದುವುದನ್ನು ಸ್ಪ್ಯಾನಿಷ್‌ನಲ್ಲೇ ಕಲಿಯುತ್ತದೆ. 50-50 ಆದರೆ ಎರಡೂ ಜೊತೆ ಜೊತೆಗೆ. ಮನೆಯಲ್ಲಿ ಮಗು ತಾನಾಗಿ ಓದಬೇಕಾದ ಸಾಲು ಯಾವುದು, ನೀವು ಓದಿ ಹೇಳಬೇಕಾದ ಸಾಲು ಯಾವುದು ಎನ್ನುವುದು ಇದರಿಂದ ತೀರ್ಮಾನವಾಗುತ್ತದೆ.

ಶಾಲೆಯಲ್ಲಿ ಸ್ಪ್ಯಾನಿಷ್ ಇಲ್ಲ, ಸುಮ್ನೆ ಪರಿಚಯಕ್ಕೆ ಅನ್ನುವವರು ಇಂಗ್ಲಿಷ್ ಸಾಲನ್ನು ಮಗುವಿಗೆ ಬಿಟ್ಟು ಸ್ಪ್ಯಾನಿಷನ್ನು ಕಿವಿಗೆ ಮಾತ್ರ ಹಾಕಿದರೆ ಸಾಕು.

ಪುಸ್ತಕ ತೆರೆದು ಪುಟ ಹೇಗಿದೆ ನೋಡಿ

ದ್ವಿಭಾಷಾ ಪುಸ್ತಕ ಎಂದು ಹೊದಿಕೆಯ ಮೇಲೆ ಬರೆದಿದ್ದರೂ ಒಳಗೆ ಎಲ್ಲವೂ ಒಂದೇ ಥರ ಇರುವುದಿಲ್ಲ. ಒಂದು ಬಗೆಯಲ್ಲಿ ಎರಡೂ ಭಾಷೆ ಒಂದೇ ಪುಟದಲ್ಲಿ, ಮೇಲೊಂದು ಕೆಳಗೊಂದು. ಇನ್ನೊಂದರಲ್ಲಿ ಎಡಪುಟ ಒಂದು ಭಾಷೆ, ಬಲಪುಟ ಇನ್ನೊಂದು. ಕೆಲವು ತಿರುಗಿಸುವ ಪುಸ್ತಕಗಳು: ಒಂದು ಕಡೆಯಿಂದ ಇಂಗ್ಲಿಷ್, ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ಸ್ಪ್ಯಾನಿಷ್. ಕೊನೆಯದು ಬೆರಕೆ. ಕಥೆಯೆಲ್ಲ ಇಂಗ್ಲಿಷ್, ನಡುನಡುವೆ ಅಬುವೆಲಾ (ಅಜ್ಜಿ), ಕಾಸಾ (ಮನೆ), ಮಿ ಅಮೋರ್ (ನನ್ನ ಮುದ್ದು) ಎಂದು ಸ್ಪ್ಯಾನಿಷ್ ಪದ ಉದುರಿಸಿರುತ್ತಾರೆ. ಬೆರಕೆ ಪುಸ್ತಕಗಳು ಓದಲು ಸೊಗಸು, ಅಲ್ಲಿಯ ಮನೆಗಳಲ್ಲಿ ಜನ ನಿಜಕ್ಕೂ ಹಾಗೆಯೇ ಮಾತಾಡುತ್ತಾರೆ. ಆದರೆ ಸ್ಪ್ಯಾನಿಷ್ ಓದಲು ಕಲಿಯುವುದಕ್ಕೆ ಅವು ಸಾಲವು.

ಈಗಷ್ಟೇ ಓದು ಶುರು ಮಾಡಿದ ಮಗುವಿಗೆ ನನ್ನ ಮೊದಲ ಆಯ್ಕೆ ಎಡಪುಟ-ಬಲಪುಟದ ಪುಸ್ತಕ. ಬೇಡದ ಅರ್ಧವನ್ನು ಅಂಗೈಯಲ್ಲಿ ಮುಚ್ಚಬಹುದು. ಒಂದೇ ಪುಟದಲ್ಲಿ ಎರಡೂ ಇದ್ದರೆ ಮಗುವಿನ ಕಣ್ಣಿಗೆ ಎರಡರಷ್ಟು ಅಕ್ಷರ ಬೀಳುತ್ತದೆ. "ಇಷ್ಟೊಂದಾ?" ಎಂದು ಮುಖ ಸಣ್ಣಗೆ ಮಾಡುವುದು ಅದಕ್ಕೇ. ಇದಕ್ಕೆ ನಮ್ಮ ಮನೆಯಲ್ಲಿರುವ ಮದ್ದು ಒಂದು ಪಟ್ಟಿ ರಟ್ಟು. ಹಳೆಯ ಸೀರಿಯಲ್ ಡಬ್ಬಿಯಿಂದ ನಾಲ್ಕು ಬೆರಳು ಅಗಲಕ್ಕೆ ಕತ್ತರಿಸಿದ್ದು. ಇವತ್ತು ಓದದ ಭಾಷೆಯ ಮೇಲೆ ಅದನ್ನು ಇಡುತ್ತೇವೆ, ಅಷ್ಟೇ. ಖರ್ಚಿಲ್ಲದ ಉಪಾಯ, ಆದರೆ ನಾನು ಮಾಡಿದ್ದರಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ.

ಅಕ್ಷರದ ಗಾತ್ರವನ್ನೂ ನೋಡಿ. ಎಷ್ಟೋ ಪುಸ್ತಕಗಳಲ್ಲಿ ಇಂಗ್ಲಿಷ್ ಮೇಲೆ, ದಪ್ಪ ಅಕ್ಷರದಲ್ಲಿ. ಸ್ಪ್ಯಾನಿಷ್ ಕೆಳಗೆ, ಸಣ್ಣದಾಗಿ, ಓರೆ ಅಕ್ಷರದಲ್ಲಿ. ಯಾವುದು ದೊಡ್ಡ ಭಾಷೆ, ಯಾವುದು ಚಿಕ್ಕ ಭಾಷೆ ಎಂದು ಯಾರೂ ಹೇಳಿಕೊಡದೆಯೇ ಮಗುವಿಗೆ ಗೊತ್ತಾಗಿಬಿಡುತ್ತದೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಮ್ಮ ಊರಿನ ಅಂಗಡಿ ಬೋರ್ಡುಗಳನ್ನು ನೋಡಿಯೇ ಬೆಳೆದವರು ನಾವು. ಎರಡೂ ಒಂದೇ ಗಾತ್ರದಲ್ಲಿ, ಬೇರೆ ಬಣ್ಣದಲ್ಲಿ ಇರುವ ಪುಸ್ತಕ ಸಿಕ್ಕರೆ ಬಿಡಬೇಡಿ.

ಅಂಗಡಿಯಲ್ಲೇ ಮಾಡಬಹುದಾದ ಐದು ನಿಮಿಷದ ಪರೀಕ್ಷೆ

ನಡುವಿನ ಯಾವುದಾದರೂ ಪುಟ ತೆರೆಯಿರಿ. ಮಗು ತಾನೇ ಓದಬೇಕಾದ ಪುಸ್ತಕವಾದರೆ ಒಂದು ಭಾಷೆಗೆ ಒಂದೋ ಎರಡೋ ಸಾಲು ಸಾಕು. ವಾಕ್ಯದ ಅಚ್ಚು ಪುಟದಿಂದ ಪುಟಕ್ಕೆ ಮರಳಿ ಬರಬೇಕು: "ನನ್ನ ಅಜ್ಜಿ ಹಾಡುತ್ತಾರೆ", "ನನ್ನ ಅಜ್ಜ ಹಾಡುತ್ತಾರೆ", ಹೀಗೆ. ಬದಲಾಗುವ ಪದ ಚಿತ್ರದಲ್ಲಿ ಕಾಣಬೇಕು. "ನನ್ನ ಮಾವ ಉದಾರಿ" ಎಂದಿದ್ದರೆ ಚಿತ್ರ ನೋಡಿ ಯಾರೂ ಊಹಿಸಲಾರರು. "ನನ್ನ ಮಾವ ಗಿಟಾರ್ ಬಾರಿಸುತ್ತಾರೆ" ಎಂದರೆ ಊಹಿಸಬಹುದು.

ಐದು ಬೆರಳಿನ ಲೆಕ್ಕವನ್ನು ಇಲ್ಲಿಯ ಟೀಚರುಗಳು ಹೇಳಿಕೊಡುತ್ತಾರೆ. ಮಗು ಒಂದು ಪುಟ ಓದುವಾಗ ಗೊತ್ತಿಲ್ಲದ ಪ್ರತಿ ಪದಕ್ಕೆ ಒಂದು ಬೆರಳು ಮಡಚುವುದು. ಐದೂ ಮಡಚಿದರೆ ಪುಸ್ತಕ ಸದ್ಯಕ್ಕೆ ಕಷ್ಟ. ಚಿತ್ರಪುಸ್ತಕದ ಪುಟದಲ್ಲಿ ಹತ್ತೇ ಪದ ಇದ್ದರೆ ಐದು ಜಾಸ್ತಿಯಾಯಿತು. ನಾನು ಎರಡಕ್ಕೇ ನಿಲ್ಲಿಸುತ್ತೇನೆ. ಹಾಗಂತ ಕಷ್ಟದ ಪುಸ್ತಕವನ್ನು ವಾಪಸ್ ಇಡಬೇಡಿ, ನೀವು ಓದಿ ಹೇಳುವ ರಾಶಿಗೆ ಸೇರಿಸಿ.

ಇನ್ನು ಸ್ಪ್ಯಾನಿಷ್ ಚೆನ್ನಾಗಿದೆಯಾ ಎಂದು ಭಾಷೆ ಗೊತ್ತಿಲ್ಲದವರು ಹೇಗೆ ತಿಳಿಯಬೇಕು? ಕೆಲವು ಗುರುತುಗಳಿವೆ. ಸ್ಪ್ಯಾನಿಷ್ ಪ್ರಶ್ನೆಯ ಮುಂದೆಯೂ ಒಂದು ತಲೆಕೆಳಗಾದ ಪ್ರಶ್ನೆ ಚಿಹ್ನೆ ಇರಬೇಕು, ಉದ್ಗಾರಕ್ಕೂ ಹಾಗೆಯೇ. ಅದಿಲ್ಲದಿದ್ದರೆ ಕೆಲಸ ಅವಸರದ್ದು. ಅನುವಾದಕರ ಹೆಸರು ಒಳಪುಟದಲ್ಲಿ ಇರಬೇಕು, ಇಲ್ಲವೇ ಲೇಖಕರೇ ಎರಡರಲ್ಲೂ ಬರೆದಿರಬೇಕು. ಪ್ರಾಸದ ಪುಸ್ತಕವಾದರೆ ಜೋರಾಗಿ ಓದಿ ನೋಡಿ. ಇಂಗ್ಲಿಷ್‌ನಲ್ಲಿ ಕುಣಿಯುವ ಸಾಲು ಸ್ಪ್ಯಾನಿಷ್‌ನಲ್ಲಿ ಕುಂಟುತ್ತಿದ್ದರೆ ಅದು ಪದಕ್ಕೆ ಪದ ಇಟ್ಟ ಅನುವಾದ.

ಇಂಗ್ಲಿಷ್ ಪದದಂತೆಯೇ ಕಂಡರೂ ಬೇರೆ ಅರ್ಥ ಕೊಡುವ ಮೋಸದ ಜೋಡಿಗಳು ಕೆಲವಿವೆ, ಕುಟುಂಬದ ಪುಸ್ತಕಗಳಲ್ಲಿ ಪದೇ ಪದೇ ಎದುರಾಗುತ್ತವೆ. ಪರಿಯೆಂತೆ ಎಂದರೆ ಪೇರೆಂಟ್ ಅಲ್ಲ, ನೆಂಟ. ಅಪ್ಪ ಅಮ್ಮ ಇಬ್ಬರಿಗೂ ಸೇರಿ ಪಾದ್ರೆಸ್. ಅದರ ಏಕವಚನ ಪಾದ್ರೆ ಎಂದರೆ ತಂದೆ, ಚರ್ಚಿನ ಗುರುವೂ ಹೌದು. ನಮ್ಮ "ಪಾದ್ರಿ" ಪೋರ್ಚುಗೀಸರಿಂದ ಬಂದ ಅದೇ ಪದ. ಎಂಬರಸಾದಾ ಎಂದರೆ ನಾಚಿಕೊಂಡವಳು ಎಂದು ಇಂಗ್ಲಿಷ್ ಬಲ್ಲವರಿಗೆ ಅನ್ನಿಸುತ್ತದೆ, ನಿಜಕ್ಕೂ ಬಸುರಿ. ಪುಟ್ಟ ತಮ್ಮ ಬರಲಿದ್ದಾನೆ ಎನ್ನುವ ಕಥೆಗಳಲ್ಲಿ ಅಮ್ಮನ ಬಗ್ಗೆ ಈ ಪದ ಕಂಡರೆ ಗಾಬರಿ ಬೇಡ. ರೋಪಾ ಎಂದರೆ ಹಗ್ಗವಲ್ಲ, ಬಟ್ಟೆ. ಸೋಪಾ ಎಂದರೆ ಸೋಪಲ್ಲ, ಸೂಪು.

ಯಾವ ದೇಶದ ಸ್ಪ್ಯಾನಿಷ್ ಎನ್ನುವುದೂ ಮುಖ್ಯ. ಗ್ವಾಗ್ವಾ ಎನ್ನುವ ಪದ ಕ್ಯೂಬಾ, ಪೋರ್ಟೊರಿಕೊ ಕಡೆ ಬಸ್ಸು. ಚಿಲಿಯಲ್ಲಿ ಅದೇ ಪದ ಕೂಸು. ಒಂದು ಮನೆಯ ಅಮ್ಮ ಗ್ವಾಗ್ವಾ ಎತ್ತಿಕೊಳ್ಳುತ್ತಾಳೆ, ಇನ್ನೊಂದು ಮನೆಯ ಅಮ್ಮ ಗ್ವಾಗ್ವಾ ಹತ್ತುತ್ತಾಳೆ. ಸ್ಪೇನಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಮಕ್ಕಳ ಗುಂಪಿಗೆ "ನೀವೆಲ್ಲ" ಎನ್ನಲು ವೊಸೋತ್ರೊಸ್ ಎನ್ನುತ್ತಾರೆ. ಮೆಕ್ಸಿಕೊ ಮೂಲದ ಟೀಚರ್ ಇರುವ ತರಗತಿಯಲ್ಲಿ ಮಗು ಕೇಳುವುದು ಉಸ್ತೆದೆಸ್. ಅದೇನೂ ತಪ್ಪಲ್ಲ. ಧಾರವಾಡದ ಮಗುವಿಗೆ ಮಂಗಳೂರಿನ ಪುಸ್ತಕ ಕೊಟ್ಟ ಹಾಗೆ. ಮೊದಲ ಹತ್ತು ಪುಸ್ತಕಗಳನ್ನು ಮಾತ್ರ ಶಾಲೆಯ ಸ್ಪ್ಯಾನಿಷ್‌ಗೆ ಹತ್ತಿರದವನ್ನೇ ಆರಿಸಿದರೆ ಗೊಂದಲ ಕಡಿಮೆ.

ಎಲ್ಲಿ ಸಿಗುತ್ತವೆ

ಮೊದಲು ಲೈಬ್ರರಿ. ಸ್ಪ್ಯಾನಿಷ್‌ನಲ್ಲಿ ಅದು ಬಿಬ್ಲಿಯೊತೇಕಾ. ಲಿಬ್ರೆರಿಯಾ ಎಂದರೆ ಪುಸ್ತಕದಂಗಡಿ, ಅದೂ ಒಂದು ಮೋಸದ ಜೋಡಿ. ಮಕ್ಕಳ ವಿಭಾಗದಲ್ಲಿ ದ್ವಿಭಾಷಾ ಕಪಾಟು ಬೇರೆ ಇದೆಯಾ ಎಂದು ಕೇಳಿ. ಕೆಲವು ಕಡೆ ಅವನ್ನು ಇಂಗ್ಲಿಷ್ ಪುಸ್ತಕಗಳ ನಡುವೆಯೇ ಸೇರಿಸಿರುತ್ತಾರೆ, ಹುಡುಕಿ ಸುಸ್ತಾಗುತ್ತೀರಿ. ಏಪ್ರಿಲ್ 30 ಹತ್ತಿರ ಹೋದರೆ ಇನ್ನೂ ಒಳ್ಳೆಯದು. ಮೆಕ್ಸಿಕೊದಲ್ಲಿ ಅದು ಮಕ್ಕಳ ದಿನ. ಲೇಖಕಿ ಪ್ಯಾಟ್ ಮೋರಾ 1996ರಲ್ಲಿ ಅದಕ್ಕೆ ಪುಸ್ತಕವನ್ನೂ ಸೇರಿಸಿ ಅಮೆರಿಕದ ಲೈಬ್ರರಿಗಳ ಹಬ್ಬ ಮಾಡಿದರು. ಎರಡು ಭಾಷೆಯಲ್ಲಿ ಕಥೆ ಹೇಳುವ ಕಾರ್ಯಕ್ರಮಗಳು ಆ ಹೊತ್ತಿಗೆ ಸಿಗುತ್ತವೆ.

ಪ್ರಕಾಶಕರಲ್ಲಿ ಕೆಲವು ಹೆಸರು ನೆನಪಿಟ್ಟುಕೊಳ್ಳಿ. ಚಿಲ್ಡ್ರನ್ಸ್ ಬುಕ್ ಪ್ರೆಸ್ ಅನ್ನು ಹ್ಯಾರಿಯೆಟ್ ರೋಮರ್ 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರು ಮಾಡಿದರು. ಈಗ ಅದು ಲೀ ಅಂಡ್ ಲೋ ಸಂಸ್ಥೆಯ ಭಾಗ. ಹ್ಯೂಸ್ಟನ್ನಿನ ಆರ್ತೆ ಪೂಬ್ಲಿಕೊ ಪ್ರೆಸ್ 1979ರದ್ದು, ಮಕ್ಕಳಿಗೆಂದು ಅದರದೇ ಪಿಞಾತಾ ಬುಕ್ಸ್ ಇದೆ. ಲಾಸ್ ಏಂಜಲೀಸಿನ ಲಿಲ್ ಲೀಬ್ರೊಸ್ ಕೂಸುಗಳಿಗೆ ದಪ್ಪ ರಟ್ಟಿನ ಪುಸ್ತಕ ಮಾಡುತ್ತದೆ. ಪುರಾ ಬೆಲ್‌ಪ್ರೆ ಪ್ರಶಸ್ತಿಯ ಮುದ್ರೆಯನ್ನೂ ಗಮನಿಸಿ. 1921ರಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ಸೇರಿದ ಪೋರ್ಟೊರಿಕೊದ ಲೈಬ್ರರಿಯನ್ ಅವರು. ಅವರ ಹೆಸರಿನ ಪ್ರಶಸ್ತಿ 1996ರಿಂದ ಲ್ಯಾಟಿನೊ ಬರಹಗಾರರಿಗೂ ಚಿತ್ರಕಾರರಿಗೂ ಸಲ್ಲುತ್ತಿದೆ. ಪ್ರಶಸ್ತಿ ಬಂದ ಪುಸ್ತಕವೆಲ್ಲ ದ್ವಿಭಾಷೆಯಲ್ಲಿ ಇರುವುದಿಲ್ಲ, ತೆರೆದು ನೋಡಿಯೇ ತನ್ನಿ.

ಒಂದೇ ಪುಸ್ತಕ ಹೆಸರಿಸು ಎಂದರೆ ನಾನು ಕಾರ್ಮೆನ್ ಲೋಮಾಸ್ ಗಾರ್ಸಾ ಅವರ "ಫ್ಯಾಮಿಲಿ ಪಿಕ್ಚರ್ಸ್ / ಕ್ವಾದ್ರೊಸ್ ದೆ ಫಮೀಲಿಯಾ" ಎನ್ನುತ್ತೇನೆ. 1990ರಲ್ಲಿ ಬಂದದ್ದು. ಅವರು ದಕ್ಷಿಣ ಟೆಕ್ಸಸ್ಸಿನ ಕಿಂಗ್ಸ್‌ವಿಲ್‌ನಲ್ಲಿ ಹುಟ್ಟಿದ ಚಿತ್ರಕಾರ್ತಿ. ತಮ್ಮ ಬಾಲ್ಯದ ಮನೆಯನ್ನು ಒಂದೊಂದೇ ಚಿತ್ರವಾಗಿ ಬಿಡಿಸಿದ್ದಾರೆ. ಒಂದು ಚಿತ್ರದಲ್ಲಿ ಮನೆಮಂದಿಯೆಲ್ಲ ಅಡುಗೆಮನೆಯಲ್ಲಿ ಸೇರಿ ತಮಾಲೆ ಮಾಡುತ್ತಿದ್ದಾರೆ: ಜೋಳದ ಹಿಟ್ಟನ್ನು ತೆನೆಯ ಸಿಪ್ಪೆಗೆ ಬಳಿದು, ಹೂರಣ ಇಟ್ಟು, ಮಡಚಿ, ಹಬೆಯಲ್ಲಿ ಬೇಯಿಸುವುದು. ಅದನ್ನು ನೋಡಿದ ನನ್ನ ತಾಯಿ "ಇದು ನಮ್ಮ ಅರಿಶಿನ ಎಲೆ ಕಡುಬೇ ಅಲ್ವಾ" ಎಂದರು. ಇದರ ಪಠ್ಯ ಹೊಸ ಓದುಗರಿಗೆ ಉದ್ದವಾಯಿತು, ಓದಿ ಹೇಳುವ ರಾಶಿಯದ್ದು. ಚಿತ್ರಗಳ ಮುಂದೆ ಮಾತ್ರ ಒಂದು ಗಂಟೆ ಕಳೆಯಬಹುದು.

ಓದಿಸುವ ಮುಂಚೆ ನೀವು ಓದಿಕೊಳ್ಳಿ

ಇಲ್ಲಿ ಕನ್ನಡದವರಿಗೆ ಸಿಹಿ ಸುದ್ದಿ ಇದೆ. ಸ್ಪ್ಯಾನಿಷ್ ಬರೆದಂತೆ ಓದುವ ಭಾಷೆ. ಐದು ಸ್ವರ, ಆ ಎ ಇ ಒ ಉ, ಎಲ್ಲಿ ಬಂದರೂ ಹೆಚ್ಚುಕಡಿಮೆ ಅದೇ ಸದ್ದು. ಇಂಗ್ಲಿಷಿನ ಹಾಗೆ ಕೊನೆಯ ಸ್ವರ ಮಾಯವಾಗುವುದಿಲ್ಲ. ಅಲ್ಲಿಯ ಹಳೆಯ ಪಾಠಪುಸ್ತಕಗಳು ಓದು ಕಲಿಸುತ್ತಿದ್ದದ್ದು ಮಾ ಮೆ ಮಿ ಮೊ ಮು ಎಂದು ಸಾಲು ಹಾಕಿ. ನಮ್ಮ ಕಾಗುಣಿತವೇ ಅಲ್ಲವೇ? "ಮಿ ಮಮಾ ಮೆ ಮೀಮಾ", ಅಮ್ಮ ನನ್ನನ್ನು ಮುದ್ದು ಮಾಡುತ್ತಾಳೆ, ಎನ್ನುವ ಸಾಲು ಸ್ಪ್ಯಾನಿಷ್ ಜಗತ್ತಿನಲ್ಲಿ ನಮ್ಮ "ಅ ಅರಸ, ಆ ಆನೆ"ಯಷ್ಟೇ ಹಳಬರಿಗೆ ಪರಿಚಿತ.

ಉಚ್ಚಾರ ಇಷ್ಟು ತಿಳಿದರೆ ಚಿತ್ರಪುಸ್ತಕಕ್ಕೆ ಸಾಕು. ಎಚ್ ಅಕ್ಷರ ಮೂಕ: ಅಣ್ಣ ಅಥವಾ ತಮ್ಮ ಎರ್ಮಾನೊ, ಮಗ ಈಹೊ. ಜೆ ಅಕ್ಷರ ಗಂಟಲಿನಿಂದ ಬರುವ ಹ. ಎರಡು ಎಲ್ ಒಟ್ಟಿಗೆ ಬಂದರೆ ಯ. ಬಿ ಮತ್ತು ವಿ ಎರಡಕ್ಕೂ ಒಂದೇ ಸದ್ದು. ಝಡ್ ಲ್ಯಾಟಿನ್ ಅಮೆರಿಕದಲ್ಲಿ ಸ. ಎನ್ ಮೇಲೆ ಅಲೆಯಂಥ ಗುರುತಿದ್ದರೆ ಅದು ನಮ್ಮ ಞ. ಪಾಪ, ಕನ್ನಡದಲ್ಲಿ ಒಂಟಿಯಾಗಿ ನಿಂತು ಕೆಲಸವಿಲ್ಲದೆ ಕೂತಿದ್ದ ಅಕ್ಷರಕ್ಕೆ ಕೊನೆಗೂ ಉದ್ಯೋಗ ಸಿಕ್ಕಿತು: ನಿಞೊ ಎಂದರೆ ಹುಡುಗ. ಒಂದು ಆರ್ ಮತ್ತು ಎರಡು ಆರ್ ಬೇರೆ ಬೇರೆ. ಪೆರೊ ಎಂದರೆ "ಆದರೆ", ಪೆರ್ರೊ ಎಂದು ನಾಲಿಗೆ ಉರುಳಿಸಿದರೆ ನಾಯಿ.

ಅತಿ ಮುಖ್ಯವಾದದ್ದು ತ ಮತ್ತು ದ. ಇಂಗ್ಲಿಷ್ ಟಿ, ಡಿ ನೋಡಿದ ತಕ್ಷಣ ನಾವು ಟ, ಡ ಎನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ನಾಲಿಗೆ ಹಲ್ಲಿಗೆ ತಾಗಬೇಕು. ಮಾವ ಟಿಯೊ ಅಲ್ಲ, ತೀಓ. ಇಂಗ್ಲಿಷ್ ಮಾತ್ರ ಬಲ್ಲವರು ಇದಕ್ಕೆ ಒದ್ದಾಡುತ್ತಾರೆ. ನಮ್ಮ ಬಾಯಲ್ಲಿ ಅದು ಮೊದಲಿನಿಂದಲೂ ಇದೆ. ನಾನು ಪುಸ್ತಕದ ಪಕ್ಕ ಒಂದು ಹಳದಿ ಚೀಟಿ ಅಂಟಿಸಿ ಸ್ಪ್ಯಾನಿಷ್ ಸಾಲನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ. ಒತ್ತು ಬರುವ ಕಡೆ ಕೆಂಪು ಗೀಟು. ಆಲೂಗಡ್ಡೆ ಪ್ರಸಂಗದ ನಂತರ ಶುರುವಾದ ಅಭ್ಯಾಸ.

ವ್ಯಾಕರಣದಲ್ಲೂ ಕನ್ನಡ ಕೈಹಿಡಿಯುತ್ತದೆ. ಇಂಗ್ಲಿಷ್‌ನಲ್ಲಿ "ಐ" ಇಲ್ಲದೆ ವಾಕ್ಯ ನಡೆಯುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಕಾಂತೊ ಎಂದರೆ ಸಾಕು, ನಮ್ಮ "ಹಾಡುತ್ತೇನೆ"ಯ ಹಾಗೆ. ಯಾರು ಎನ್ನುವುದು ಕ್ರಿಯಾಪದದ ಬಾಲದಲ್ಲೇ ಇದೆ. ಮೆ ಗುಸ್ತಾ ಎಂದರೆ "ನನಗೆ ಇಷ್ಟ". ಮೆ ದುಎಲೆ ಲಾ ಕಬೇಸಾ ಎಂದರೆ "ನನಗೆ ತಲೆ ನೋಯುತ್ತಿದೆ". ಇಂಗ್ಲಿಷ್ ದಾರಿಯಲ್ಲಿ ಹೋಗಿ ಅರ್ಥ ಮಾಡಿಕೊಳ್ಳಲು ನೋಡಿದರೆ ಸುತ್ತು. ಕನ್ನಡದಿಂದ ನೇರ. ಕೈಕೊಡುವುದು ಎರಡು ಕಡೆ: ವಸ್ತುಗಳಿಗೂ ಗಂಡು ಹೆಣ್ಣು ಭೇದ ಇದೆ, ಮನೆ ಹೆಣ್ಣು, ಪುಸ್ತಕ ಗಂಡು. ಬಣ್ಣ, ಗಾತ್ರದ ಪದಗಳು ಸಾಮಾನ್ಯವಾಗಿ ಹೆಸರಿನ ನಂತರ ಬರುತ್ತವೆ. "ಕೆಂಪು ಮನೆ" ಅಲ್ಲ, "ಮನೆ ಕೆಂಪು", ಕಾಸಾ ರೋಹಾ.

ಒಂದು ಪುಸ್ತಕ, ಒಂದು ವಾರ

ನಾನು ಮಾಡಿದ ದೊಡ್ಡ ತಪ್ಪು ಇದು. ಒಂದು ಸಾಲು ಇಂಗ್ಲಿಷ್, ಅದರದೇ ಸ್ಪ್ಯಾನಿಷ್, ಮತ್ತೆ ಇಂಗ್ಲಿಷ್, ಮತ್ತೆ ಸ್ಪ್ಯಾನಿಷ್ ಎಂದು ಓದುತ್ತಿದ್ದೆ. ಪುಸ್ತಕ ಹಾಗೆ ಅಚ್ಚಾಗಿದೆ, ಹಾಗೇ ಓದಬೇಕು ಎಂದುಕೊಂಡಿದ್ದೆ. ಮಗಳು ತನಗೆ ಸುಲಭವಾದ ಇಂಗ್ಲಿಷ್ ಸಾಲಿಗೆ ಕಿವಿ ಕೊಟ್ಟು, ಸ್ಪ್ಯಾನಿಷ್ ಬಂದಾಗ ಪುಟ ತಿರುಗಿಸಲು ಕೈ ಚಾಚುತ್ತಿದ್ದಳು. ಅರ್ಥ ಹೇಗೂ ಸಿಕ್ಕಿಬಿಟ್ಟಿದೆ, ಇನ್ನೊಂದಕ್ಕೆ ಯಾಕೆ ಕಷ್ಟಪಡಬೇಕು? ಕಥೆಯ ಓಟವೂ ಹಾಳು. ಹಾಗಾಗಿ ದ್ವಿಭಾಷಾ ಪುಸ್ತಕವನ್ನು ಒಂದೇ ಚಿತ್ರಗಳಿರುವ ಎರಡು ಪುಸ್ತಕ ಎಂದುಕೊಳ್ಳಿ. ಒಂದು ಕೂರಿಕೆಗೆ ಒಂದು ಭಾಷೆ.

ನಮ್ಮ ವಾರ ಹೀಗೆ ನಡೆಯುತ್ತದೆ. ಸೋಮವಾರ ಓದುವುದೇ ಇಲ್ಲ. ಚಿತ್ರ ಮಾತ್ರ, ಮಾತು ಪೂರ್ತಿ ಕನ್ನಡದಲ್ಲಿ. "ಇವರು ಯಾರಿರಬಹುದು? ಯಾಕೆ ಅಳ್ತಿದ್ದಾರೆ? ನಮ್ಮ ಮನೇಲಿ ಹೀಗೆ ಯಾರು ಮಾಡ್ತಾರೆ?" ಕಥೆಯನ್ನು ಮಗುವೇ ಕಟ್ಟುತ್ತದೆ. ಮರುದಿನ ಅಕ್ಷರ ನೋಡುವಾಗ ಅರ್ಥದ ಅರ್ಧ ಕೆಲಸ ಮುಗಿದಿರುತ್ತದೆ. ನನ್ನ ಪ್ರಕಾರ ಇದು ಬಿಡಬಾರದ ದಿನ. ಸಮಯ ಇಲ್ಲದ ವಾರ ಬೇರೆ ಯಾವುದನ್ನಾದರೂ ಬಿಡಿ.

ಮಂಗಳವಾರ ಮಗುವಿಗೆ ಗಟ್ಟಿಯಾದ ಭಾಷೆಯಲ್ಲಿ ಮೊದಲಿಂದ ಕೊನೆಯವರೆಗೆ ನಾನು ಓದುತ್ತೇನೆ. ಬುಧವಾರ ಇನ್ನೊಂದು ಭಾಷೆಯಲ್ಲಿ, ನಿಧಾನವಾಗಿ, ಪದದ ಕೆಳಗೆ ಬೆರಳು ಓಡಿಸುತ್ತಾ. ನಡುವೆ ಅನುವಾದ ಮಾಡುವುದಿಲ್ಲ. "ಅಂದ್ರೆ ಏನಮ್ಮ?" ಎಂದರೆ ಚಿತ್ರದ ಮೇಲೆ ಬೆರಳಿಡುತ್ತೇನೆ. ಗುರುವಾರ ಪ್ರತಿಧ್ವನಿ: ನಾನು ಒಂದು ಸಾಲು, ಅವಳು ಅದೇ ಸಾಲು. ಮತ್ತೆ ಮತ್ತೆ ಬರುವ ವಾಕ್ಯಕ್ಕೆ ಬಂದಾಗ ಅರ್ಧಕ್ಕೆ ನಿಲ್ಲಿಸಿ ಸುಮ್ಮನಾಗುತ್ತೇನೆ, ಅವಳೇ ಮುಗಿಸುತ್ತಾಳೆ. ಶುಕ್ರವಾರ ರಟ್ಟಿನ ಪಟ್ಟಿ ಇಟ್ಟು ಅವಳು ಓದುತ್ತಾಳೆ, ನಾನು ಕೇಳುತ್ತೇನೆ. ಶನಿವಾರ ಭಾನುವಾರ ಪುಸ್ತಕ ನೆಲದ ಮೇಲೆ ಬಿದ್ದಿರುತ್ತದೆ. ಇಷ್ಟವಾಗಿದ್ದರೆ ತಾನೇ ಎತ್ತಿಕೊಳ್ಳುತ್ತಾಳೆ.

ತಪ್ಪು ಓದಿದರೆ ತಕ್ಷಣ ತಿದ್ದಬೇಡಿ. ಮನಸ್ಸಿನಲ್ಲಿ ಐದು ಎಣಿಸಿ. ಹೆಚ್ಚಿನ ಸಲ ಮಗು ತಾನೇ ಹಿಂದೆ ಹೋಗಿ ಸರಿ ಮಾಡಿಕೊಳ್ಳುತ್ತದೆ. ಅರ್ಥ ಕೆಡದಿದ್ದರೆ ಬಿಟ್ಟುಬಿಡಿ. ಎರಡು ಭಾಷೆಯಲ್ಲೂ ಒಂದೇ ರೀತಿ ಕಾಣುವ ಅಕ್ಷರಗಳಿಗೆ ಬೇರೆ ಸದ್ದು ಇರುವುದರಿಂದ ಮಗು ಸ್ಪ್ಯಾನಿಷ್ ಪದವನ್ನು ಇಂಗ್ಲಿಷಿನ ಹಾಗೆ ಓದುವುದು ಸಾಮಾನ್ಯ. ಆಗ "ಇದು ಯಾವ ಭಾಷೆಯ ಸಾಲು?" ಎಂದು ಕೇಳಿದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ. ನಿಮ್ಮ ಉಚ್ಚಾರದ ಬಗ್ಗೆ ಸಂಕೋಚ ಇದ್ದರೆ ಲೈಬ್ರರಿಯ ಧ್ವನಿಪುಸ್ತಕ ಹಾಕಿ ಇಬ್ಬರೂ ಕೇಳಿ. ಅಥವಾ ಮಗುವೇ ನಿಮಗೆ ಟೀಚರ್ ಆಗಲಿ. ಆ ಪದವಿ ಬೇಡ ಎನ್ನುವ ಮಗುವನ್ನು ನಾನಿನ್ನೂ ನೋಡಿಲ್ಲ.

ಸಂಬಂಧದ ಪದಗಳ ಹತ್ತಿರ ನಿಧಾನಿಸಿ

ಕುಟುಂಬದ ಪುಸ್ತಕದ ಹೂರಣ ಇರುವುದು ಇಲ್ಲೇ. ಇಂಗ್ಲಿಷಿನ ಕಸಿನ್ ಗಂಡೋ ಹೆಣ್ಣೋ ಹೇಳುವುದಿಲ್ಲ. ಸ್ಪ್ಯಾನಿಷ್ ಪ್ರೀಮೊ, ಪ್ರೀಮಾ ಎಂದು ಹೇಳುತ್ತದೆ. ಕನ್ನಡ ಅದಕ್ಕೂ ಮುಂದೆ ಹೋಗಿ ಚಿಕ್ಕಪ್ಪನ ಮಗನನ್ನು ಅಣ್ಣ ತಮ್ಮ ಎಂದೇ ಕರೆಯುತ್ತದೆ, ಸೋದರಮಾವನ ಮಗನನ್ನು ಬೇರೆ ಇಡುತ್ತದೆ. ಎರ್ಮಾನೊ ಎಂದರೆ ಅಣ್ಣನೋ ತಮ್ಮನೋ? ಪುಸ್ತಕ ಹೇಳದಿದ್ದರೆ ಚಿತ್ರ ನೋಡಿ. ಎರ್ಮಾನೊ ಮಯೋರ್ ಎಂದಿದ್ದರೆ ಅಣ್ಣ. ಎರ್ಮಾನೀತೊ ಎಂದರೆ ಹೆಚ್ಚಾಗಿ ತಮ್ಮ. ಅದು ಮುದ್ದಿನ ರೂಪ, ಅಜ್ಜಿಯನ್ನು ಅಬುವೆಲೀತಾ ಎಂದ ಹಾಗೆ.

ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಲ್ಲರೂ ಸ್ಪ್ಯಾನಿಷ್‌ನಲ್ಲಿ ತೀಓ. ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ ಎಲ್ಲರೂ ತೀಆ. ಇಲ್ಲಿ ನಮ್ಮದೇ ಕೈ ಮೇಲು ಎಂದು ಬೀಗುತ್ತಿದ್ದೆ. ಆಗ ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿ ಕೊನ್‌ಸ್ವೇಗ್ರಾ ಎನ್ನುವ ಪದ ಹೇಳಿದರು. ಮಗಳ ಅತ್ತೆಗೂ ತನಗೂ ಇರುವ ಸಂಬಂಧ. ಬೀಗಿತ್ತಿ! ಇಂಗ್ಲಿಷ್‌ನಲ್ಲಿ ಇದಕ್ಕೆ ಒಂದು ಪದವಿಲ್ಲ. ಕೊನ್‌ಕೂಞೊ ಎಂದರೆ ಷಡ್ಡಕ. ಆ ದಿನ ಅವರೂ ನಾನೂ ಅರ್ಧಂಬರ್ಧ ಭಾಷೆಯಲ್ಲಿ ಒಂದು ಗಂಟೆ ನಿಂತು ಮಾತಾಡಿದೆವು.

ಮಾತಿನ ಮರ್ಯಾದೆಯನ್ನೂ ಗಮನಿಸಿ. ತೂ ಎಂದರೆ ನೀನು, ಉಸ್ತೆದ್ ಎಂದರೆ ನೀವು. ಕೆಲವು ಮನೆಗಳಲ್ಲಿ ಮೊಮ್ಮಕ್ಕಳು ಅಜ್ಜನಿಗೆ ಉಸ್ತೆದ್ ಎನ್ನುತ್ತಾರೆ, ಕೆಲವು ಮನೆಗಳಲ್ಲಿ ತೂ. ಇಂಗ್ಲಿಷ್ ಸಾಲಿನಲ್ಲಿ ಎರಡೂ ಒಂದೇ ಆಗಿಬಿಡುತ್ತದೆ. "ಈ ಹುಡುಗ ಅಜ್ಜನಿಗೆ ಏನು ಅಂತಾನೆ? ನೀನು ನಿನ್ನ ಅಜ್ಜನಿಗೆ ಏನು ಅಂತೀಯಾ?" ಎಂದು ಕೇಳಿ ನೋಡಿ. ಹೆಸರುಗಳೂ ಹಾಗೆ. ಅಲ್ಲಿಯ ಪದ್ಧತಿಯಲ್ಲಿ ಮಗುವಿಗೆ ಎರಡು ಮನೆತನದ ಹೆಸರು, ಮೊದಲು ಅಪ್ಪನ ಕಡೆಯದು, ನಂತರ ಅಮ್ಮನ ಕಡೆಯದು. ನಮ್ಮಲ್ಲಿ ಊರಿನ ಹೆಸರು ಸೇರಿಸುವವರಿದ್ದಾರೆ, ಅಪ್ಪನ ಹೆಸರು ಸೇರಿಸುವವರಿದ್ದಾರೆ. ಮಗಳ ಇನಿಷಿಯಲ್ ಯಾಕೆ ಹಾಗಿದೆ ಎಂದು ಅವಳಿಗೆ ಹೇಳಿದ್ದು ಇಂಥ ಒಂದು ಪುಸ್ತಕದ ನೆಪದಲ್ಲೇ.

ಕೊನೆಗೆ ನಿಮ್ಮದೇ ಪುಸ್ತಕ

ನಾಲ್ಕೈದು ಪುಸ್ತಕ ಮುಗಿದ ಮೇಲೆ ಮಗುವಿನ ಕೈಲಿ ಒಂದು ಮಾಡಿಸಿ. ಒಂದು ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ, ಬಿಚ್ಚಿ, ನಡುವಿನ ಮಡಿಕೆಯಲ್ಲಿ ಒಂದು ಸೀಳು ಕೊಟ್ಟರೆ ಎಂಟು ಪುಟದ ಪುಸ್ತಕ ಆಗುತ್ತದೆ. ಆದರೆ ಪುಟ ತೀರಾ ಚಿಕ್ಕದು, ಹೊಸದಾಗಿ ಬರೆಯುವವರ ದೊಡ್ಡ ಅಕ್ಷರಕ್ಕೆ ಜಾಗ ಸಾಲದು. ಎರಡು ಹಾಳೆ ಒಂದರ ಮೇಲೊಂದು ಇಟ್ಟು ನಡುವೆ ಮಡಚಿ, ಬೆನ್ನಿಗೆ ಎರಡು ಸ್ಟೇಪಲ್ ಹೊಡೆದರೆ ಅದೂ ಎಂಟೇ ಪುಟ, ಜಾಗ ಧಾರಾಳ.

ಮುಖಪುಟ ಬಿಟ್ಟು ಏಳು ಪುಟ, ಪುಟಕ್ಕೆ ಒಬ್ಬರು. ಫೋಟೊ ಅಂಟಿಸಬಹುದು, ಮಗುವೇ ಬಿಡಿಸಿದರೆ ಇನ್ನೂ ಚೆಂದ. ವಾಕ್ಯದ ಅಚ್ಚು ಒಂದೇ ಇರಲಿ. "ಎಸ್ತಾ ಎಸ್ ಮಿ ಅಬುವೆಲಾ", ಇವರು ನನ್ನ ಅಜ್ಜಿ. ಗಂಡಸರಾದರೆ ಎಸ್ತಾ ಹೋಗಿ ಎಸ್ತೆ ಬರಬೇಕು: "ಎಸ್ತೆ ಎಸ್ ಮಿ ತೀಓ". ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ "ದಿಸ್ ಈಸ್". ಈ ಬದಲಾವಣೆಯನ್ನು ಬಾಯಲ್ಲಿ ಹೇಳಿಕೊಡುವುದಕ್ಕಿಂತ ಏಳು ಪುಟ ಬರೆಸುವುದು ಸುಲಭ. ಎರಡನೇ ವಾಕ್ಯ ಬೇಕೆಂದರೆ "ಅವರಿಗೆ ಇದು ಇಷ್ಟ", "ಲೆ ಗುಸ್ತಾ ಎಲ್ ಕಫೆ", ಅವರಿಗೆ ಕಾಫಿ ಇಷ್ಟ. ಮಲೆನಾಡಿನ ಮನೆಯಾದರೆ ಇದೊಂದೇ ವಾಕ್ಯ ಏಳೂ ಪುಟಕ್ಕೆ ನಡೆಯುತ್ತದೆ.

ಸ್ಪ್ಯಾನಿಷ್ ಸಾಲು ಇಂಗ್ಲಿಷಿಗಿಂತ ಸ್ವಲ್ಪ ಉದ್ದ ಬರುತ್ತದೆ. ಗ್ರ್ಯಾಂಡ್‌ಮಾಸ್ ಹೌಸ್ ಎರಡೇ ಪದ, ಲಾ ಕಾಸಾ ದೆ ಮಿ ಅಬುವೆಲಾ ಐದು. ಜಾಗ ಮೊದಲೇ ಬಿಟ್ಟಿರಿ. ಬರೆದದ್ದನ್ನು ಟೀಚರಿಗೋ ಸ್ಪ್ಯಾನಿಷ್ ಬಲ್ಲ ನೆರೆಯವರಿಗೋ ಒಮ್ಮೆ ತೋರಿಸಿ. ಯಂತ್ರದ ಅನುವಾದ ಎಸ್ತಾ, ಎಸ್ತೆಯಲ್ಲಿ ಎಡವಿದ್ದನ್ನು ನಾನು ಕಂಡಿದ್ದೇನೆ.

ಮೂರನೆಯ ಸಾಲಿಗೂ ಜಾಗ ಇಡಿ, ಕನ್ನಡಕ್ಕೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕಥೆಗಳು ಹತ್ತಾರು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲ ಹಂತದ ಕನ್ನಡ ಪುಸ್ತಕಗಳಲ್ಲಿ ವಾಕ್ಯ ಎಷ್ಟು ಚಿಕ್ಕದಿರುತ್ತದೆ ಎಂದು ನೋಡಿಕೊಂಡರೆ ನಿಮ್ಮದಕ್ಕೆ ಅಳತೆ ಸಿಗುತ್ತದೆ.

ನಮ್ಮ ಪುಸ್ತಕ ಮುಗಿದ ರಾತ್ರಿ ಮಗಳು ಅದನ್ನು ವಿಡಿಯೋ ಕಾಲ್‌ನಲ್ಲಿ ಶಿವಮೊಗ್ಗದ ಅಜ್ಜಿಗೆ ಹಿಡಿದು ತೋರಿಸಿದಳು. ಸ್ಪ್ಯಾನಿಷ್ ಸಾಲನ್ನು ನಾನು ಕನ್ನಡ ಅಕ್ಷರದಲ್ಲೂ ಬರೆದಿದ್ದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಪುಟ ಓದಿದರು. ಐದನೇ ಪುಟಕ್ಕೆ ಬಂದಾಗ ನಿಂತರು. "ಎಸ್ತಾ ಎಸ್ ಮಿ ತೀಆ" ಎಂದು ಎರಡು ಸಲ ಓದಿ, "ಪುಟ್ಟಿ, ಇವಳು ನಿನ್ನ ಅತ್ತೆ ಕಣೇ. ಚಿಕ್ಕಮ್ಮ ಅಂತ ಯಾಕೆ ಬರೆದಿದ್ದೀಯಾ?" ಎಂದರು. ಮಗಳು ಪೆನ್ನು ತರಲು ಒಳಗೆ ಓಡಿದಳು.